ಹೊಗೆಬಂಡಿಯ ಚಿತ್ರ, ಉಗಿಬಂಡಿಯ ಕೆಲಸ

ರೈಲಿಗೆ ಕನ್ನಡದಲ್ಲಿ ಎರಡು ಹಳೆಯ ಹೆಸರುಗಳಿವೆ. ಒಂದು ಉಗಿಬಂಡಿ, ಇನ್ನೊಂದು ಹೊಗೆಬಂಡಿ. ಎರಡನ್ನೂ ಒಂದೇ ಅರ್ಥದಲ್ಲಿ ಬಳಸಿಕೊಂಡು ಬಂದಿದ್ದೇವೆ. ಆದರೆ ಎಂಜಿನ್ನಿನೊಳಗೆ ಉಗಿಯೂ ಹೊಗೆಯೂ ಒಂದಲ್ಲ. ಉಗಿ ಬಂಡಿಯನ್ನು ಎಳೆಯುತ್ತದೆ. ದಟ್ಟ ಕಪ್ಪು ಹೊಗೆ ಎಂದರೆ ಸರಿಯಾಗಿ ಸುಡದೆ ಆಕಾಶಕ್ಕೆ ಹೋದ ಕಲ್ಲಿದ್ದಲು. ಉಗಿಯದು ದುಡಿಮೆ, ಹೊಗೆಯದು ಪೋಲು. ಕಲ್ಲಿದ್ದಲ ಎಂಜಿನ್ನುಗಳ ಪ್ರಸಿದ್ಧ ಛಾಯಾಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವಾಗ ನನಗೆ ಅನ್ನಿಸುವುದು ಇದು: ಕ್ಯಾಮೆರಾ ಮೆಚ್ಚಿಕೊಂಡದ್ದು ಹೊಗೆಬಂಡಿಯನ್ನು. ಉಗಿಬಂಡಿ ಅದರ ಕಣ್ಣಿಗೆ ಬಿದ್ದದ್ದು ಅಪರೂಪ. ಈ ಮಾತು ಬರೀ ಎಂಜಿನ್ನಿಗೆ ಸಂಬಂಧಿಸಿದ್ದಲ್ಲ. ದುಡಿಮೆಯ ಲೋಕವೊಂದು ಮುಗಿದ ಮೇಲೆ ಅದನ್ನು ನಾವು ಹೇಗೆ ನೆನೆಯುತ್ತೇವೆ ಎಂಬ ಪ್ರಶ್ನೆ ಇದರ ಹಿಂದಿದೆ.

ನನ್ನ ವಯಸ್ಸಿನವರಿಗೆ ಈ ಪ್ರಶ್ನೆ ಸ್ವಲ್ಪ ಬೇರೆ ರೀತಿಯಲ್ಲಿ ಎದುರಾಗುತ್ತದೆ. ಭಾರತದ ಬ್ರಾಡ್‌ಗೇಜ್ ಹಳಿಗಳ ಮೇಲೆ ಉಗಿ ಎಂಜಿನ್ನುಗಳ ದಿನನಿತ್ಯದ ಓಡಾಟ ನಿಂತದ್ದು 1995ರಲ್ಲಿ. ಅದರ ನಂತರ ಹುಟ್ಟಿದ ನಮಗೆ ಕಲ್ಲಿದ್ದಲ ಗಾಡಿಯ ಸ್ವಂತ ನೆನಪು ಎಂಬುದೇ ಇಲ್ಲ. ಇರುವುದೆಲ್ಲ ಚಿತ್ರಗಳು ಕೊಟ್ಟ ನೆನಪು: ಸಿನಿಮಾದ ಶಾಟುಗಳು, ಕ್ಯಾಲೆಂಡರಿನ ಹಾಳೆಗಳು, ಮೈಸೂರಿನ ರೈಲ್ವೆ ಮ್ಯೂಸಿಯಮ್ಮಿನಲ್ಲಿ ಬಣ್ಣ ಬಳಿದು ನಿಲ್ಲಿಸಿದ ತಣ್ಣನೆಯ ಕಬ್ಬಿಣ. ಆದರೂ ಉಗಿ ಎಂಜಿನ್ನಿನ ಚಿತ್ರ ಕಂಡರೆ ನಮಗೂ ಹಳಹಳಿಕೆಯಾಗುತ್ತದೆ. ಕಾಣದೆ ಇದ್ದುದಕ್ಕೆ ಹಳಹಳಿಸುತ್ತೇವೆ ಎಂದರೆ ಆ ಭಾವವನ್ನು ಚಿತ್ರವೇ ನಮಗೆ ಕಲಿಸಿದೆ ಎಂದಾಯಿತು. ಹಾಗಾದರೆ ಚಿತ್ರ ಏನನ್ನು ಕಲಿಸಿತು, ಏನನ್ನು ಬಿಟ್ಟಿತು?

ಇದನ್ನು ಯೋಚಿಸಲು ರಾಯಚೂರು ತಕ್ಕ ಜಾಗ. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯೂ ಮದ್ರಾಸಿನಿಂದ ಬಂದ ಮದ್ರಾಸ್ ರೈಲ್ವೆಯ ಹಳಿಯೂ 1871ರಲ್ಲಿ ಕೂಡಿದ್ದು ಇಲ್ಲಿ. ಎರಡು ದೊಡ್ಡ ಬಂದರುಗಳ ನಡುವಿನ ದಾರಿ ಈ ದೋಆಬಿನ ಎರೆನೆಲದಲ್ಲಿ ಒಂದಾಯಿತು. ಆಗ ರಾಯಚೂರು ನಿಜಾಮರ ಸೀಮೆ. ಹೀಗೆ ಈ ಊರಿನ ಟೇಶನ್ನಿಗೆ ನೂರ ಐವತ್ತು ವರ್ಷಗಳ ಇತಿಹಾಸವಿದೆ. ಇದೇ ಜಿಲ್ಲೆಯ ದೇವದುರ್ಗಕ್ಕೆ ಇವತ್ತಿಗೂ ರೈಲಿಲ್ಲ. 1997-98ರಲ್ಲಿ ಮಂಜೂರಾದ ಮುನಿರಾಬಾದ್–ಮೆಹಬೂಬ್‌ನಗರ ಮಾರ್ಗ ಮಾನ್ವಿಯನ್ನು ಹಾದು ರಾಯಚೂರಿಗೆ ಬರಬೇಕು. ಸಿಂಧನೂರಿಗೆ ಪ್ರಯಾಣಿಕರ ಗಾಡಿ ಬಂದದ್ದೇ 2024ರಲ್ಲಿ. ಅಂದರೆ ಮಾನ್ವಿ, ದೇವದುರ್ಗಗಳು ಉಗಿಯ ಕಾಲವನ್ನು ಹಳಿಯಿಲ್ಲದೆಯೇ ಕಳೆದವು. ಅಲ್ಲಿನವರಿಗೆ ರೈಲೆಂದರೆ ಬಸ್ಸು ಹಿಡಿದು ರಾಯಚೂರಿಗೆ ಬಂದು ಹತ್ತುವ ಸಾಮಾನು. ಹಾಗಾಗಿ ಉಗಿಯ ಹಳಹಳಿಕೆ ಎಲ್ಲರಿಗೂ ಸೇರಿದ್ದು ಎಂಬ ಮಾತು ಈ ಒಂದು ಜಿಲ್ಲೆಯೊಳಗೇ ನಿಲ್ಲುವುದಿಲ್ಲ.

ಈಗ ಚಿತ್ರಕ್ಕೆ ಬರೋಣ. ಉಗಿ ಎಂಜಿನ್ನಿನ ಹವ್ಯಾಸಿ ಛಾಯಾಗ್ರಾಹಕರಲ್ಲಿ ‘ಒಳ್ಳೆಯ ಶಾಟ್’ ಎಂಬುದಕ್ಕೆ ಹೆಚ್ಚುಕಡಿಮೆ ಒಂದು ವ್ಯಾಕರಣವೇ ಇದೆ. ಎಂಜಿನ್ನಿನ ಮುಖವೂ ಒಂದು ಪಕ್ಕವೂ ಕಾಣುವಂತೆ ಓರೆಯಾಗಿ ನಿಲ್ಲಬೇಕು. ಸೂರ್ಯ ಬೆನ್ನ ಹಿಂದಿರಬೇಕು. ಚಕ್ರಗಳನ್ನು ಜೋಡಿಸುವ ಉಕ್ಕಿನ ದಂಡಗಳು ಕೆಳಗಿಳಿದ ಗಳಿಗೆಯಲ್ಲಿ ಕ್ಲಿಕ್ ಆಗಬೇಕು. ನಡುವೆ ಮನುಷ್ಯರು ಬರಬಾರದು. ಎಲ್ಲಕ್ಕಿಂತ ಹೆಚ್ಚಾಗಿ ಮೇಲೆ ಹೊಗೆ ಬೇಕು. ಇದರಲ್ಲಿ ನಿಜವಾದ ಕೌಶಲವಿದೆ. ಎಂಜಿನ್ ಕಪ್ಪು, ಆವಿಯ ಮೋಡ ಬಿಳುಪು. ಫಿಲ್ಮಿನ ಕಾಲದಲ್ಲಿ ಕಪ್ಪಿನ ವಿವರ ಹಿಡಿಯಲು ಹೋದರೆ ಬಿಳುಪು ಸುಟ್ಟು ಖಾಲಿಯಾಗುತ್ತಿತ್ತು, ಬಿಳುಪನ್ನು ಉಳಿಸಲು ಹೋದರೆ ಎಂಜಿನ್ ಬರೀ ಕರಿನೆರಳಾಗುತ್ತಿತ್ತು. ಓಡುವ ಗಾಡಿಯ ಮುಂದೆ ಇದನ್ನು ಕ್ಷಣದಲ್ಲಿ ನಿರ್ಧರಿಸಬೇಕು. ನೂರು ಸಲ ತಪ್ಪಿ ಒಂದು ಸಲ ಸಿಕ್ಕ ಶಾಟನ್ನು ಆತ ಜೀವನಪೂರ್ತಿ ನೆನೆದರೆ ಅದರಲ್ಲಿ ಆಶ್ಚರ್ಯವಿಲ್ಲ.

ಆದರೆ ಈ ವ್ಯಾಕರಣಕ್ಕೆ ಒಂದು ಹವಾಮಾನವೂ ಬೇಕು. ನಿಜವಾದ ಉಗಿ ಕಣ್ಣಿಗೆ ಕಾಣುವುದಿಲ್ಲ. ನಾವು ಬಿಳಿ ಮೋಡವಾಗಿ ಕಾಣುವುದು ತಣ್ಣನೆಯ ಗಾಳಿಗೆ ಸಿಕ್ಕಿ ಹನಿಯಾದ ನೀರು. ಗಾಳಿ ಎಷ್ಟು ತಂಪೋ ಮೋಡ ಅಷ್ಟು ದಪ್ಪ. ಆದ್ದರಿಂದಲೇ ಚೀನಾದ ಒಳ ಮಂಗೋಲಿಯಾದ ಜಿತೋಂಗ್ ಮಾರ್ಗದಲ್ಲಿ 2005ರವರೆಗೂ ಉಳಿದಿದ್ದ ಉಗಿ ಎಂಜಿನ್ನುಗಳನ್ನು ಹಿಡಿಯಲು ಲೋಕದ ಛಾಯಾಗ್ರಾಹಕರು ಕೊರೆಯುವ ಚಳಿಗಾಲದಲ್ಲೇ ಅಲ್ಲಿಗೆ ಹೋಗುತ್ತಿದ್ದರು. ರಾಯಚೂರಿನ ಬೇಸಿಗೆಯಲ್ಲಿ ಉಷ್ಣಾಂಶ ನಲವತ್ತು ಡಿಗ್ರಿ ದಾಟುತ್ತದೆ. ಇಂಥ ಒಣ ಬಿಸಿಲಲ್ಲಿ ಬಿಳಿ ಆವಿ ಚಿಮಣಿಯಿಂದ ಹೊರಬಿದ್ದಷ್ಟೇ ಬೇಗ ಕರಗುತ್ತದೆ. ಉಳಿಯುವುದು ಕಪ್ಪು ಹೊಗೆ ಮಾತ್ರ. ನಮ್ಮ ಮನಸ್ಸಿನಲ್ಲಿರುವ ‘ಉಗಿಯ ಸೌಂದರ್ಯ’ ಎಂಬುದು ಬಹುಪಾಲು ಚಳಿಯ ಬೆಳಗುಗಳಿಂದ ಬಂದದ್ದು. ಏಪ್ರಿಲ್ ತಿಂಗಳ ಮಧ್ಯಾಹ್ನ ಬಾಯ್ಲರಿನ ಎದುರು ನಿಂತು ಗಾಡಿ ಓಡಿಸಿದವರ ಅನುಭವ ಆ ಚಿತ್ರದ ವ್ಯಾಪ್ತಿಗೆ ಬರುವುದಿಲ್ಲ.

ಆ ಅನುಭವ ಎಂಥದು? ಬ್ರಾಡ್‌ಗೇಜಿನ ಡಬ್ಲ್ಯೂಪಿ, ಡಬ್ಲ್ಯೂಜಿ ಎಂಜಿನ್ನುಗಳಲ್ಲಿ ಡ್ರೈವರ್ ಜೊತೆ ಫೈರ್‌ಮನ್‌ಗಳಿರುತ್ತಿದ್ದರು. ಹಿಂದಿನ ತೊಟ್ಟಿಯಲ್ಲಿದ್ದ ಕಲ್ಲಿದ್ದಲನ್ನು ಒಡೆದು, ಸಲಿಕೆಯಲ್ಲಿ ತುಂಬಿ, ಅಲುಗಾಡುವ ನೆಲದ ಮೇಲೆ ನಿಂತು, ತೆರೆದ ಒಲೆಯ ಮೂಲೆಮೂಲೆಗೂ ಸಮನಾಗಿ ಎರಚಬೇಕು. ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಹತ್ತು ಪಾಲು ಕೂಡ ಗಾಡಿ ಎಳೆಯುವ ಕೆಲಸಕ್ಕೆ ಒದಗುತ್ತಿರಲಿಲ್ಲ. ಅಷ್ಟನ್ನು ಕಾಪಾಡುವುದೇ ಫೈರ್‌ಮನ್ನನ ಜಾಣತನ. ಸ್ವಲ್ಪಸ್ವಲ್ಪವೇ ಹಾಕಬೇಕು, ಪದೇಪದೇ ಹಾಕಬೇಕು. ಒಮ್ಮೆಗೇ ಹೆಚ್ಚು ಸುರಿದರೆ ಗಾಳಿ ಸಾಲದೆ ಬೆಂಕಿ ಮಂಕಾಗಿ ಕಪ್ಪು ಹೊಗೆ ಏಳುತ್ತದೆ. ರಾಯಚೂರಿನ ನಮ್ಮ ಓಣಿಯಲ್ಲಿ ಫೈರ್‌ಮನ್ ಆಗಿ ಸೇರಿ ಡ್ರೈವರ್ ಆಗಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಒಂದು ಪ್ರಸಿದ್ಧ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. ನಾನು ಹೊಗಳಿಕೆಗೆ ಕಾಯುತ್ತಿದ್ದೆ.

“ಫೋಟೊ ಚಂದ ಐತಿ ನೋಡವಾ. ಆದ್ರ ಒಲಿ ಕೆಟ್ಟೈತಿ. ಇಷ್ಟು ಹೊಗಿ ಎಬ್ಬಿಸಿದ್ರ ನಮಗ ಬೈತಿದ್ರು.”

“ನಿಮ್ದು ಎಂಜಿನ್ ಸಂಗಾಟ ಒಂದು ಫೋಟೊ ಐತೇನ್ರಿ ಅಜ್ಜಾ?”

ಒಂದಿತ್ತು. ನಿವೃತ್ತಿಯ ದಿನದ್ದು. ಕೊರಳಲ್ಲಿ ಹಾರ, ಹಿಂದೆ ಡೀಸೆಲ್ ಎಂಜಿನ್. ಉಗಿಯೊಡನೆ ದುಡಿದ ವರ್ಷಗಳ ಒಂದು ಚಿತ್ರವೂ ಅವರ ಮನೆಯಲ್ಲಿಲ್ಲ.

ಅವರ ಆ ಒಂದು ಮಾತು ನನಗೆ ವಿಮರ್ಶೆಯ ದೊಡ್ಡ ಪಾಠವಾಗಿ ಕಾಣುತ್ತದೆ. ನೋಡುವವನಿಗೆ ಚೆಲುವಾದದ್ದು ದುಡಿಯುವವನಿಗೆ ಕೆಟ್ಟ ಕೆಲಸದ ಗುರುತು. ಮೇಲೆ ಹೇಳಿದ ವ್ಯಾಕರಣವನ್ನು ಈ ಬೆಳಕಿನಲ್ಲಿ ಮತ್ತೆ ಓದಬಹುದು. ಮುಂದಿನಿಂದ ಓರೆಯಾಗಿ ತೆಗೆದ ಚಿತ್ರದಲ್ಲಿ ಎಂಜಿನ್ನಿನ ಮೂತಿ ದೊಡ್ಡದಾಗುತ್ತದೆ, ಜನ ನಿಲ್ಲುವ ಕ್ಯಾಬ್ ಹಿಂದೆ ಸರಿದು ಸಣ್ಣದಾಗಿ ಕಪ್ಪಿನಲ್ಲಿ ಮುಳುಗುತ್ತದೆ. ಫೈರ್‌ಮನ್ನನನ್ನು ಯಾರೂ ಬೇಕೆಂದು ಹೊರಗಿಡಲಿಲ್ಲ. ಆ ಕೋನವೇ ಅವನನ್ನು ಹೊರಗಿಟ್ಟಿತು.

ಇದು ಹವ್ಯಾಸಿಗಳಿಂದ ಶುರುವಾದದ್ದೂ ಅಲ್ಲ. ಕ್ಲೋದ್ ಮೊನೆ 1877ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಜಾರ್ ನಿಲ್ದಾಣದ ಚಿತ್ರಗಳನ್ನು ಬರೆದಾಗ ಸ್ಟೇಷನ್ ಮಾಸ್ತರರನ್ನು ಒಪ್ಪಿಸಿ ಎಂಜಿನ್ನುಗಳಿಗೆ ಕಲ್ಲಿದ್ದಲು ತುಂಬಿಸಿ ಬೇಕಾದಷ್ಟು ಹೊಗೆ ಎಬ್ಬಿಸಿಕೊಂಡರು ಎಂಬ ಕಥೆಯಿದೆ. ಕಥೆ ನಿಜವೋ ಅಲ್ಲವೋ, ಕಲಾವಿದನಿಗೆ ಏನು ಬೇಕಿತ್ತೆಂದು ಅದು ಚೆನ್ನಾಗಿ ತಿಳಿಸುತ್ತದೆ. ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ 1902ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡ್ ಸಿಟಿಯ ರೈಲ್ವೆ ಯಾರ್ಡಿನಲ್ಲಿ ತೆಗೆದ ಚಿತ್ರ ಇದಕ್ಕಿಂತ ಕುತೂಹಲದ್ದು. ಹೊಳೆಯುವ ಹಳಿಗಳ ಜಾಲ, ನಮ್ಮ ಕಡೆ ಬರುತ್ತಿರುವ ಒಂಟಿ ಎಂಜಿನ್, ಮೇಲೆ ಕಪ್ಪು ಹೊಗೆ. ಚಿತ್ರದ ಹೆಸರು ‘ಮನುಷ್ಯನ ಕೈ’ ಎಂಬರ್ಥದ್ದು. ಚಿತ್ರದಲ್ಲಿ ಕೈ ಮಾತ್ರ ಎಲ್ಲೂ ಕಾಣುವುದಿಲ್ಲ. ಯಂತ್ರವೂ ಮನುಷ್ಯನ ಕೈಯ ಸೃಷ್ಟಿ, ಅದೂ ಕಲೆಯ ವಸ್ತುವಾಗಬಲ್ಲದು ಎಂಬುದು ಸ್ಟೀಗ್ಲಿಟ್ಸ್ ಅವರ ಇಂಗಿತವಿರಬೇಕು. ಅಂದಿನ ಮಟ್ಟಿಗೆ ಅದು ದಿಟ್ಟ ಮಾತು. ಆದರೆ ಅಲ್ಲಿ ಕೈ ಎಂಬುದು ಇಡೀ ಮನುಕುಲದ ಕೈ, ಸಲಿಕೆ ಹಿಡಿದ ಯಾರೊಬ್ಬನ ಕೈಯೂ ಅಲ್ಲ. ದುಡಿದವನು ರೂಪಕವಾಗುವಾಗ ಹೇಗೆ ಮಾಯವಾಗುತ್ತಾನೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಅಮೆರಿಕದ ಓ. ವಿನ್‌ಸ್ಟನ್ ಲಿಂಕ್ 1955ರಿಂದ 1960ರವರೆಗೆ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆಯ ಕೊನೆಯ ಉಗಿ ಎಂಜಿನ್ನುಗಳನ್ನು ರಾತ್ರಿಯಲ್ಲಿ, ಸಾಲುಸಾಲು ಫ್ಲ್ಯಾಶ್ ಬಲ್ಬುಗಳ ಬೆಳಕಿನಲ್ಲಿ ಹಿಡಿದರು. 1956ರ ಒಂದು ಚಿತ್ರದಲ್ಲಿ ಕಾರಿನಲ್ಲಿ ಕುಳಿತ ಜೋಡಿ ಬಯಲು ಚಿತ್ರಮಂದಿರದಲ್ಲಿ ಸಿನಿಮಾ ನೋಡುತ್ತಿದೆ. ತೆರೆಯ ಮೇಲೆ ವಿಮಾನ, ಪಕ್ಕದ ಹಳಿಯಲ್ಲಿ ಬಿಳಿ ಆವಿ ಕಾರುತ್ತ ಓಡುವ ಗಾಡಿ. ಫ್ಲ್ಯಾಶ್ ಬೆಳಕಿಗೆ ತೆರೆ ಖಾಲಿಯಾದ್ದರಿಂದ ವಿಮಾನದ ದೃಶ್ಯವನ್ನು ಬೇರೆಯಾಗಿ ತೆಗೆದು ಸೇರಿಸಲಾಗಿತ್ತು. ಲಿಂಕ್ ರೈಲ್ವೆಯ ಕೆಲಸಗಾರರನ್ನೂ ಹಳಿಬದಿಯ ಜನರನ್ನೂ ಪ್ರೀತಿಯಿಂದ ಚಿತ್ರಿಸಿದವರು. ಆದರೆ ಲೋಕ ನೆನಪಿಟ್ಟುಕೊಂಡದ್ದು ಈ ಚಿತ್ರವನ್ನು. ನಮ್ಮಲ್ಲಿ ಸ್ಟೀವ್ ಮೆಕ್‌ಕರಿ 1983ರಲ್ಲಿ ಆಗ್ರಾದಲ್ಲಿ ತೆಗೆದ ಚಿತ್ರದ ಗತಿಯೂ ಇದೇ. ಮುಂದೆ ಕರಿ ಎಂಜಿನ್, ಹಿಂದೆ ಮಸುಕಿನಲ್ಲಿ ತಾಜ್ ಮಹಲ್. ಎಂಜಿನ್ನಿನ ಮೂತಿಯ ಮೇಲೆ ಮನುಷ್ಯರಿದ್ದಾರೆ, ಆದರೆ ಅವರು ಎಂಜಿನ್ ಎಷ್ಟು ದೊಡ್ಡದು, ದೇಶ ಎಷ್ಟು ಹಳೆಯದು ಎಂದು ತೋರಿಸುವ ಅಳತೆಕೋಲುಗಳು. ಚೌಕಟ್ಟಿನೊಳಗೆ ಬಂದ ಮಾತ್ರಕ್ಕೆ ಮನುಷ್ಯ ಕಂಡಂತಾಗುವುದಿಲ್ಲ.

ಇಲ್ಲಿ ಒಂದು ತಕರಾರು ಏಳಬಹುದು. ಹೊಗೆ ಬೇಕೆಂದು ಕೇಳುವುದು, ದೃಶ್ಯವನ್ನು ಹೊಂದಿಸುವುದು, ಇವೆಲ್ಲ ಮೋಸವೇ? ಹಾಗೇನೂ ಇಲ್ಲ. ಲೂಯಿಸ್ ಹೈನ್ 1920ರಲ್ಲಿ ತೆಗೆದ ಚಿತ್ರದಲ್ಲಿ ವಿದ್ಯುತ್ ಸ್ಥಾವರದ ಕೆಲಸಗಾರನೊಬ್ಬ ದೊಡ್ಡ ಪಾನಾ ಹಿಡಿದು ಉಗಿಯ ಪಂಪಿನ ಮೇಲೆ ಬಾಗಿದ್ದಾನೆ. ಅವನ ಬೆನ್ನು ಯಂತ್ರದ ದುಂಡಿಗೆ ಸರಿಯಾಗಿ ಹೊಂದಿದೆ. ಅದೂ ಯೋಚಿಸಿ ನಿಲ್ಲಿಸಿ ತೆಗೆದದ್ದೇ. ಆದರೆ ಅಲ್ಲಿ ಹೊಂದಿಸಿದ್ದು ತೋಳಿನ ಬಲ ಕಾಣಲಿ ಎಂದು. ಹಾಗಾಗಿ ನಾವು ಕೇಳಬೇಕಾದ ಪ್ರಶ್ನೆ ಬೇರೆ: ಈ ಹೊಗೆ ಯಾರ ಕಣ್ಣಿಗೆ ಕಾಣುತ್ತಿದೆ, ಅದರ ಬೆಲೆಯನ್ನು ಚಿತ್ರ ಎಲ್ಲಾದರೂ ತೆರುತ್ತದೆಯೇ?

ಈ ಪ್ರಶ್ನೆಗೆ ನಿಲ್ಲುವ ಶಾಟ್ ಎಂದು ನಾನು ನಂಬುವುದು ಸತ್ಯಜಿತ್ ರೇ ಅವರ ‘ಪಥೇರ್ ಪಾಂಚಾಲಿ’ಯದು (1955). ಅಲ್ಲಿಯೂ ಹೊಗೆ ಹೇಳಿ ಮಾಡಿಸಿದ್ದೇ. ಆ ದೃಶ್ಯಕ್ಕೆ ಒಂದಕ್ಕಿಂತ ಹೆಚ್ಚು ಗಾಡಿಗಳನ್ನು ಬಳಸಿದ್ದನ್ನೂ, ತಕ್ಕ ಗಳಿಗೆಯಲ್ಲಿ ಕಪ್ಪು ಹೊಗೆ ಏಳುವಂತೆ ಕಲ್ಲಿದ್ದಲು ಹಾಕಿಸಲು ತಂಡದವರೊಬ್ಬರು ಎಂಜಿನ್ನಿನಲ್ಲೇ ಹತ್ತಿ ಬರುತ್ತಿದ್ದುದನ್ನೂ ರೇ ತಮ್ಮ ಶೂಟಿಂಗ್ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಒಂದು ದಿನ ಶೂಟಿಂಗ್ ಮಾಡಿ ಮತ್ತೆ ಬರುವಷ್ಟರಲ್ಲಿ ಬಿಳಿ ಕಾಶ ಹೂಗಳನ್ನೆಲ್ಲ ದನಗಳು ಮೇದಿದ್ದವು. ಉಳಿದ ಭಾಗಕ್ಕೆ ಮುಂದಿನ ಹೂವಿನ ಕಾಲದವರೆಗೆ ಕಾಯಬೇಕಾಯಿತು.

ಆದರೆ ಕ್ಯಾಮೆರಾ ನಿಂತ ಜಾಗ ನೋಡಿ. ಮೊದಲು ತಂತಿಕಂಬದ ಗುಂಯ್‌ಗುಡುವಿಕೆ. ಆಮೇಲೆ ಹೂವಿನ ಮೇಲೆ, ದೂರದಲ್ಲಿ ಒಂದು ಕಪ್ಪು ಗೆರೆ. ಹೊಗೆ ಇಲ್ಲಿ ಎಂಜಿನ್ನಿನ ಕಿರೀಟವಲ್ಲ, ಇಬ್ಬರು ಬಡ ಮಕ್ಕಳ ಕಣ್ಣಿಗೆ ಬಿದ್ದ ಸುದ್ದಿ. ದುರ್ಗಾ ಎಡವುತ್ತಾಳೆ, ಅಪು ಮುಂದೆ ಓಡುತ್ತಾನೆ. ಗಾಡಿ ಬಂದಾಗ ಕ್ಯಾಮೆರಾ ಹಳಿಯ ಆಚೆ ಬದಿಯಲ್ಲಿದೆ. ಉರುಳುವ ಚಕ್ರಗಳ ಸಂದಿಯಲ್ಲಿ ಆ ಕಡೆ ಉಳಿದ ಹುಡುಗ ತುಣುಕುತುಣುಕಾಗಿ ಕಾಣುತ್ತಾನೆ. ಗಾಡಿಯ ಗಾಂಭೀರ್ಯ ನಮಗೆ ಕಾಣಸಿಗುವುದೇ ಇಲ್ಲ. ಅದು ನಮ್ಮ ಮತ್ತು ಅಪುವಿನ ನಡುವೆ ಹಾದು ಹೋಗುವ ಒಂದು ಅಡ್ಡಗೋಡೆ. ಮುಂದೆ ಅದೇ ರೈಲು ಅವನನ್ನು ತಾಯಿಯಿಂದ ದೂರ ಒಯ್ಯುತ್ತದೆ. ಮೂರನೆಯ ಚಿತ್ರ ‘ಅಪುರ್ ಸಂಸಾರ್’ನಲ್ಲಿ (1959) ಅವನ ಬಾಡಿಗೆ ಕೋಣೆಯ ಪಕ್ಕದಲ್ಲೇ ಹೊಗೆ ಕಾರುತ್ತ ಓಡಾಡುತ್ತದೆ. ಹೂವಿನ ಮೇಲೆ ಸೊಗಸಾಗಿದ್ದ ಹೊಗೆಯ ಬೆಲೆಯನ್ನು ರೇ ಮೂರು ಚಿತ್ರಗಳ ಉದ್ದಕ್ಕೂ ತೀರಿಸುತ್ತಾರೆ.

ಈ ದೃಶ್ಯವನ್ನು ದೇವದುರ್ಗದ ಗೆಳತಿಯೊಬ್ಬಳ ಜೊತೆ ಹಾಸ್ಟೆಲ್ಲಿನಲ್ಲಿ ಲ್ಯಾಪ್‌ಟಾಪಿನ ಮೇಲೆ ನೋಡಿದ್ದೆ. ಅವಳು ಮೊದಲ ಸಲ ರೈಲು ಹತ್ತಿದ್ದು ಅಪ್ಪ ಅವ್ವನ ಜೊತೆ ಗುಳೆ ಹೋಗುವಾಗ, ರಾಯಚೂರು ಟೇಶನ್ನಿನಲ್ಲಿ. ತಲೆಯ ಮೇಲೆ ಹಾಸಿಗೆಯ ಗಂಟು, ಕೈಯಲ್ಲಿ ಪಾತ್ರೆಯ ಚೀಲ, ಜನರಲ್ ಬೋಗಿ. ಸಿನಿಮಾ ಮುಗಿದ ಮೇಲೆ ಅವಳು ಇಷ್ಟೇ ಹೇಳಿದಳು: “ಆ ಹುಡುಗ್ರು ಗಾಡಿ ನೋಡಾಕ ಓಡ್ತಾರ. ನಾವು ಗಾಡಿ ಹಿಡಿಯಾಕ ಓಡಿದ್ವಿ.” ದೃಶ್ಯ ಅವಳಿಗೆ ಹಿಡಿಸಲಿಲ್ಲ ಎಂದಲ್ಲ. ತನ್ನ ಓಟವನ್ನು ಅದರ ಪಕ್ಕದಲ್ಲಿ ಇಡಲು ಅದು ಅವಳಿಗೆ ಜಾಗ ಕೊಟ್ಟಿತ್ತು. ಆಗ್ರಾದ ಚಿತ್ರದ ಪಕ್ಕದಲ್ಲಿ ಅವಳು ಏನನ್ನು ಇಡಬಹುದಿತ್ತು? ಮೆಚ್ಚುಗೆಯೊಂದನ್ನು ಮಾತ್ರ. ದೊಡ್ಡ ಚಿತ್ರಕ್ಕೂ ಬರೀ ಚಂದದ ಚಿತ್ರಕ್ಕೂ ಇರುವ ವ್ಯತ್ಯಾಸವನ್ನು ಎಷ್ಟೋ ಸಿದ್ಧಾಂತಗಳಿಗಿಂತ ಆ ಎರಡು ವಾಕ್ಯಗಳು ನನಗೆ ತಿಳಿಯಾಗಿ ಹೇಳಿದವು.

ರಾಯಚೂರಿನಲ್ಲಿ ಕುಳಿತು ಈ ವಿಷಯ ಬರೆಯುವವರು ಇನ್ನೊಂದನ್ನೂ ಹೇಳಬೇಕು. ಉಗಿಯ ಕಾಲ ಮುಗಿಯಿತು ಎಂಬ ಮಾತು ನಮ್ಮ ಮಟ್ಟಿಗೆ ಪೂರ್ತಿ ನಿಜವಲ್ಲ. ಕೃಷ್ಣೆಯ ದಡದ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕ ಆರಂಭಿಸಿದ ಶಾಖೋತ್ಪನ್ನ ಕೇಂದ್ರ ಎಂಟು ಘಟಕಗಳಾಗಿ 1720 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆಯಿತು. ಅಲ್ಲಿ ನಡೆಯುವುದೂ ಮೂಲತಃ ಹಳೆಯ ಎಂಜಿನ್ನಿನ ಕೆಲಸವೇ. ಕಲ್ಲಿದ್ದಲು ಸುಟ್ಟು, ನೀರು ಕಾಯಿಸಿ, ಉಗಿಯಿಂದ ಚಕ್ರ ತಿರುಗಿಸುವುದು. ಸಿಂಗರೇಣಿ ಮೊದಲಾದ ಗಣಿಗಳಿಂದ ಕಲ್ಲಿದ್ದಲು ಬರುವುದು ರೈಲಿನಲ್ಲೇ. ರಾಯಚೂರಿನ ಹಳಿಯ ಮೇಲೆ ಈಗ ವಿದ್ಯುತ್ ತಂತಿಯಿದೆ. ಹೊಗೆ ಕಾಣದ ರೈಲು ಕಲ್ಲಿದ್ದಲನ್ನು ಉಗಿಯ ಮನೆಗೆ ತಂದು ಸುರಿಯುತ್ತದೆ. ಹಿಂದೆ ಎಂಜಿನ್ನಿನ ನೆತ್ತಿಯ ಮೇಲಿದ್ದ ಚಿಮಣಿ ಈಗ ಬಯಲಲ್ಲಿ ಆಕಾಶದೆತ್ತರಕ್ಕೆ ನಿಂತಿದೆ, ಅಷ್ಟೆ. ಅದರ ಹಾರುಬೂದಿ ಸುತ್ತಲಿನ ಊರುಗಳಿಗೆ ನೆನಪಲ್ಲ, ಇವತ್ತಿನ ಬದುಕು.

ಆದರೆ ಈ ಚಿಮಣಿಯ ಎದುರು ಯಾರೂ ಮುಂಜಾನೆ ಎದ್ದು ಕ್ಯಾಮೆರಾ ಹಿಡಿದು ಕಾಯುವುದಿಲ್ಲ. ಏಕೆ? ಹೊಗೆ ಅದೇ, ಕಲ್ಲಿದ್ದಲು ಅದೇ. ಕಾಲ ಕಳೆದ ಹೊಗೆಯಿಂದ ಯಾರಿಗೂ ಕೆಮ್ಮು ಬರುವುದಿಲ್ಲ ಎಂಬುದು ಒಂದು ಕಾರಣ. ಹಳಹಳಿಕೆಗೆ ಬೇಕಾದದ್ದು ಅಪಾಯ ಕಳೆದುಕೊಂಡ ಹೊಗೆ. ಇನ್ನೊಂದು ಕಾರಣ, ಎಂಜಿನ್ ಓಡುತ್ತದೆ, ಸ್ಥಾವರ ನಿಂತಲ್ಲೇ ನಿಂತಿರುತ್ತದೆ. ಓಡುವುದನ್ನು ಹಿಡಿಯುವುದರಲ್ಲಿ ಬೇಟೆಯ ಸುಖವಿದೆ. ನಿಂತದ್ದನ್ನು ನೋಡಲು ಬೇರೆ ತಾಳ್ಮೆ ಬೇಕು. ಹೈನ್ ತೋರಿಸಿದ ದಾರಿ ಇಲ್ಲಿ ಇನ್ನೂ ತೆರೆದೇ ಇದೆ. ವ್ಯಾಗನ್ ಖಾಲಿ ಮಾಡುವವರು, ಬೂದಿ ತುಂಬಿದ ಲಾರಿಯ ಚಾಲಕರು, ಬಾಯ್ಲರಿನ ಬಳಿಯ ಗುತ್ತಿಗೆ ಕಾರ್ಮಿಕರು, ಇವರೆಲ್ಲ ನಮ್ಮ ಕಾಲದ ಫೈರ್‌ಮನ್‌ಗಳು. ಕೈಯಲ್ಲಿ ಮೊಬೈಲ್ ಇರುವುದರಿಂದ ತಮ್ಮ ಚಿತ್ರವನ್ನು ತಾವೇ ತೆಗೆದುಕೊಳ್ಳಬಲ್ಲರು ಎಂಬುದು ಹಳೆಯವರಿಗಿಂತ ಇವರಿಗಿರುವ ಒಂದು ಅನುಕೂಲ.

ಇಷ್ಟೆಲ್ಲ ಹೇಳಿ ಉಗಿ ಎಂಜಿನ್ನಿನ ಚಿತ್ರಗಳನ್ನು ತೆಗೆದು ಬಿಸಾಡಿ ಎನ್ನುತ್ತಿಲ್ಲ. ಸ್ಟೀಗ್ಲಿಟ್ಸ್ ಅವರ ಹಳಿಗಳ ಹೊಳಪು ಇವತ್ತೂ ನನ್ನನ್ನು ನಿಲ್ಲಿಸುತ್ತದೆ. ನಿಂತಾಗ ಕೇಳಬೇಕಾದ್ದನ್ನು ಕೇಳೋಣ ಎಂದಷ್ಟೇ ನನ್ನ ಮಾತು: ಇಲ್ಲಿ ಸಲಿಕೆ ಎಲ್ಲಿದೆ, ನೋಡುವವರು ಯಾರು, ಹಳಿಯ ಯಾವ ಬದಿಯಲ್ಲಿ ಕ್ಯಾಮೆರಾ ನಿಂತಿದೆ? ಈ ಪ್ರಶ್ನೆಗಳು ಕವಿತೆಗೂ ಕಾದಂಬರಿಗೂ ಅನ್ವಯಿಸುತ್ತವೆ. ಬಿತ್ತನೆ, ಬಂಡಿ, ಮಗ್ಗ, ಬೀಸುವ ಕಲ್ಲು ಹೀಗೆ ಕಣ್ಮರೆಯಾದ ಎಷ್ಟೋ ಕೆಲಸಗಳು ನಮ್ಮ ಸಾಹಿತ್ಯದಲ್ಲೂ ಬರೀ ಹೊಗೆಯಾಗಿ ಉಳಿಯುವ ಅಪಾಯವಿದೆ.

ಮಾನ್ವಿಗೆ ಗಾಡಿ ಬಂದ ದಿನ ಅದರಲ್ಲಿ ಹೊಗೆಯೂ ಇರುವುದಿಲ್ಲ, ಉಗಿಯೂ ಇರುವುದಿಲ್ಲ. ಫೋಟೊಗ್ರಾಫರುಗಳು ಎಂಜಿನ್ನಿಗೆ ಕಟ್ಟಿದ ಹೂವಿನ ಹಾರವನ್ನೂ ಹಸಿರು ನಿಶಾನೆ ತೋರುವ ಗಣ್ಯರನ್ನೂ ತೆಗೆಯುತ್ತಾರೆ. ಅಂದು ಯಾರಾದರೂ ಪ್ಲಾಟ್‌ಫಾರ್ಮಿನ ಆಚೆ ಬದಿಗೆ ಹೋಗಿ ನಿಂತರೆ ಬೇರೆ ಚಿತ್ರವೊಂದು ಸಿಕ್ಕೀತು. ಎರಡು ಬೋಗಿಗಳ ಸಂದಿಯಲ್ಲಿ, ಗಾಡಿ ನೋಡಲು ಬಂದವರ ನಡುವೆ, ಗಂಟು ಇಳಿಸಿ ಟಿಕೀಟಿನ ದುಡ್ಡು ಎಣಿಸುತ್ತಿರುವ ಒಂದು ಸಂಸಾರ ಕಂಡೇ ಕಾಣುತ್ತದೆ.